ಒಂದೇ ಒಲೆಯ ಸಾಕ್ಷಿ

ನನ್ನ ಗಂಡ ಉಯಿಲು ಬರೆದಿಟ್ಟು ಸತ್ತರು. ಅದನ್ನು ಕಾಡಿ ಬೇಡಿ ಬರೆಸಿದವಳು ನಾನು ಎಂದು ಊರೆಲ್ಲ ನನ್ನನ್ನು ಬೈಯಿತು. ಪಾಲಿನ ಕಾಗದ ಮಾತ್ರ ಬರೆಯದೆ ಸತ್ತರು. ಅದಕ್ಕೆ ನಾನು ಅವರನ್ನು ಇವತ್ತಿಗೂ ಬೈಯುತ್ತೇನೆ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ, ಅನ್ನಲಿ. ಬದುಕಿದ್ದಾಗಲೂ ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಆ ನಗು ನೋಡಿದರೆ ನನಗೆ ಮೈಯೆಲ್ಲ ಇನ್ನಷ್ಟು ಉರಿಯುತ್ತಿತ್ತು.

ನಾನು ಮಾಲೂರಿನವಳು. ತಂದೆ ಅಲ್ಲಿ ಸ್ಕೂಲು ಮೇಷ್ಟ್ರು. ಮನೆಯಲ್ಲೇ ಕೂರಿಸಿಕೊಂಡು ನನಗೆ ಓದು ಬರಹ ಕಲಿಸಿದರು, ಆಮೇಲೆ ಶ್ರೀನಿವಾಸಪುರದ ಆಚೆ ಒಂದು ಹಳ್ಳಿಗೆ ಮದುವೆ ಮಾಡಿ ಕಳಿಸಿದರು. ಆ ಮನೆಯಲ್ಲಿ ಸಮಾಧಾನವಾಗಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಗಂಡುಮಕ್ಕಳು ಇಬ್ಬರೇ. ಹಿರಿಯರು ನನ್ನ ಭಾವ, ಕಿರಿಯರು ನನ್ನ ಗಂಡ. ಅತ್ತೆ ತೀರಿಕೊಂಡ ಮಾರನೆಯ ವರ್ಷವೇ ಭಾವನ ಹೆಂಡತಿಗೂ ನನಗೂ ಒಂದು ಅಡಿಗೆಮನೆ ಸಾಲದಾಯಿತು. ಯಾರದು ತಪ್ಪು ಎಂದು ಕೇಳಿದರೆ ಅರ್ಧ ನನ್ನದು ಎಂದು ಒಪ್ಪಿಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಊರಿನ ಮೂವರು ಹಿರಿಯರು ಬಂದು ಜಗಲಿಯ ಮೇಲೆ ಕೂತು, ಊಟದ ಹೊತ್ತಿಗೆ ಎಲ್ಲವನ್ನೂ ಪಾಲು ಮಾಡಿ ಮುಗಿಸಿದರು. ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಕೆರೆಯ ಕೆಳಗಿನ ಗದ್ದೆಗೆ ಬದು ಹಾಕಿದರು. ಹುಣಸೆ ಮರಗಳನ್ನು ಎಣಿಸಿ ಹಂಚಿದರು, ಬಾವಿಯ ನೀರು ಒಂದು ದಿನ ಅವರಿಗೆ, ಒಂದು ದಿನ ನಮಗೆ ಎಂದಾಯಿತು. ಕಾಗದ ಬರೆದು ರಿಜಿಸ್ಟರ್ ಮಾಡಿಸಿ ಎಂದು ನನ್ನ ತಂದೆ ಹೇಳಿದರು.

"ಅಣ್ಣತಮ್ಮಂದಿರ ಮಧ್ಯೆ ಕಾಗದ ಏನಕ್ಕೆ ಮೇಷ್ಟ್ರೇ? ನಾವೇನು ಬೀದಿಯೋರಾ?" ಎಂದರು ಭಾವ.

ನನ್ನ ಗಂಡ ಗೋಣು ಹಾಕಿದರು. ಬಾಗಿಲ ಹಿಂದೆ ನಿಂತಿದ್ದ ನಾನು ಬಾಯಿಗೆ ಬಂದ ಮಾತು ನುಂಗಿಕೊಂಡೆ. ನುಂಗಿಕೊಳ್ಳಬಾರದಿತ್ತು. ಖಾತೆ ಭಾವನ ಹೆಸರಿನಲ್ಲೇ ಉಳಿಯಿತು, ಕಂದಾಯವನ್ನು ಅವರೇ ಕಟ್ಟುತ್ತಿದ್ದರು, ನಮ್ಮ ಭಾಗದ್ದನ್ನು ನಾವು ಅವರ ಕೈಗೆ ಕೊಡುತ್ತಿದ್ದೆವು.

ಪಾಲಾಗದೆ ಉಳಿದದ್ದು ಹಿರಿಯರ ಹಬ್ಬ ಒಂದೇ. ಭಾದ್ರಪದದ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆಯ ಕ್ರಮ ಏನೆಂದರೆ, ಮಧ್ಯೆ ಎಷ್ಟು ಗೋಡೆ ಎದ್ದಿದ್ದರೂ ಎಡೆಯ ಅನ್ನ ಮಾತ್ರ ಹಳೆಯ ಒಲೆಯ ಮೇಲೆ, ಒಂದೇ ತಪ್ಪಲೆಯಲ್ಲಿ ಬೇಯಬೇಕು. ಎರಡು ಕಡೆ ಬೇಯಿಸಿದರೆ ಯಾವ ಬಾಗಿಲಿಗೆ ಬರಬೇಕೆಂದು ತಿಳಿಯದೆ ಹಿರಿಯರು ಹಸಿದುಕೊಂಡು ಹಿಂದಿರುಗುತ್ತಾರೆ ಎಂದು ಅತ್ತೆ ಹೇಳುತ್ತಿದ್ದರು. ಹಳೆಯ ಒಲೆ ಇದ್ದದ್ದು ಭಾವನ ಪಾಲಿನಲ್ಲಿ. ಹಾಗಾಗಿ ವರ್ಷಕ್ಕೊಂದು ದಿನ ನಾನು ನಮ್ಮ ಅಕ್ಕಿಯನ್ನು ಮೊರದಲ್ಲಿ ತೆಗೆದುಕೊಂಡು ಹೋಗಿ, ಓರಗಿತ್ತಿಯ ಅಕ್ಕಿಯ ಜೊತೆ ಅದೇ ತಪ್ಪಲೆಗೆ ಸುರಿಯುತ್ತಿದ್ದೆ. ಮಾತಿರಲಿ ಬಿಡಲಿ, ಆ ದಿನದ ಕೆಲಸ ತಪ್ಪಿಸಿದವಳಲ್ಲ. ಮಾರನೆಯ ದಿನ ಮತ್ತೆ ಗೋಡೆಯ ಆಚೆ ಅವರು, ಈಚೆ ನಾವು.

ಹೀಗೆ ಎಂಟು ವರ್ಷ ಕಳೆಯಿತು. ಎರಡು ಹೆಣ್ಣುಮಕ್ಕಳಾದವು. ಆಮೇಲೆ ನನ್ನ ಗಂಡನಿಗೆ ಕೆಮ್ಮು ಹಿಡಿಯಿತು. ಕೋಲಾರದ ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, ಹಾಲು ಮೊಟ್ಟೆ ಚೆನ್ನಾಗಿ ಕೊಡಿ ಎಂದು ಹೇಳಿ ಮುಖ ಆಚೆ ತಿರುಗಿಸಿದರು. ಆ ಮುಖ ನೋಡಿದ ಮೇಲೆ ನನಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ಗಂಡುಮಗುವಿಲ್ಲ, ಇವರು ಹೋದರೆ ಈ ಇಬ್ಬರು ಹುಡುಗಿಯರಿಗೆ ಗದ್ದೆಯೂ ಇಲ್ಲ, ಸೂರೂ ಇಲ್ಲ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಏಳುತ್ತಾ ಕೂರುತ್ತಾ ಉಯಿಲು ಬರೆಯಿರಿ, ಉಯಿಲು ಬರೆಯಿರಿ ಎಂದು ಕಾಡಿದೆ.

"ಉಯಿಲು ಬರೆದೋನು ಬದುಕಿರೋದನ್ನ ನಾನು ನೋಡಿಲ್ಲ ಕಣೇ" ಎಂದರು ಒಂದು ದಿನ.

"ಬರೀದೇ ಇದ್ದೋರೆಲ್ಲಾ ಬದುಕೇ ಇದ್ದಾರಾ?" ಎಂದೆ.

ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು ಗೋಡೆ ಹಿಡಿದುಕೊಂಡರು. ಮಾರನೆಯ ವಾರ ನನ್ನ ತಂದೆಗೆ ಹೇಳಿಕಳಿಸಿದೆ. ಗಾಡಿಗೆ ಹುಲ್ಲು ಹಾಸಿ, ಅವರನ್ನು ಮಲಗಿಸಿಕೊಂಡು ಶ್ರೀನಿವಾಸಪುರಕ್ಕೆ ಹೋದೆವು.

ರಿಜಿಸ್ಟ್ರಾರ್ ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಪತ್ರ ಬರೆಯುವವನು ಒಬ್ಬ ಕೂತಿದ್ದ. ನನ್ನ ಗಂಡ ಒಂದೊಂದೇ ಹೇಳುತ್ತಾ ಹೋದರು, ಅವನು ಬರೆದ. ಮನೆಯ ಬಲಗಡೆಯ ಅರ್ಧ, ಕೆರೆಯ ಕೆಳಗಿನ ಗದ್ದೆಯಲ್ಲಿ ಮೂಡಲ ಕಡೆಯದು, ಹುಣಸೆ ಮರಗಳು, ಬಾವಿಯ ಪಾಳಿ, ಎಲ್ಲವೂ ಹೆಂಡತಿಗೆ, ಅವಳ ಕಾಲಾನಂತರ ಇಬ್ಬರು ಹೆಣ್ಣುಮಕ್ಕಳಿಗೆ ಸಮನಾಗಿ. ನಡುವೆ ಒಂದು ಸಲ ಲೇಖನಿ ನಿಲ್ಲಿಸಿ, ಅಣ್ಣನ ಜೊತೆ ಪಾಲಾಗಿದೆಯಾ ಎಂದು ಕೇಳಿದ. ಆಗಿ ಎಂಟು ವರ್ಷವಾಯಿತು ಎಂದರು ಇವರು. ಕಾಗದ ಉಂಟಾ ಎಂದ. ಹಿರಿಯರು ಮಾಡಿಕೊಟ್ಟದ್ದು ಎಂದರು. ಅವನು ಸುಮ್ಮನೆ ಒಂದು ಗಳಿಗೆ ಇವರ ಮುಖ ನೋಡಿ, ಮತ್ತೆ ಮಸಿ ಅದ್ದಿ ಬರೆಯತೊಡಗಿದ. ಆ ಒಂದು ಗಳಿಗೆ ನಾನು ಅಲ್ಲೇ ಇದ್ದೆ, ನನ್ನ ತಂದೆಯೂ ಇದ್ದರು. ನಾವಿಬ್ಬರೂ ಓದು ಬಲ್ಲವರು, ಇಬ್ಬರ ತಲೆಗೂ ಏನೂ ಹೊಳೆಯಲಿಲ್ಲ. ಕಚೇರಿಯ ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿ, ರುಜು ಮಾಡಿ, ಇವರು ನಗುತ್ತಾ ಹೊರಗೆ ಬಂದರು.

"ತಗೋ, ಇನ್ನು ನೀನು ನನ್ನ ಬೈಯೋಕೆ ಏನೂ ಉಳಿದಿಲ್ಲ" ಎಂದರು.

ಆಷಾಢದಲ್ಲಿ ಹೋಗಿಬಿಟ್ಟರು. ಉಯಿಲು ಬರೆಸಿದಳು, ಗಂಡನನ್ನು ನುಂಗಿದಳು ಎಂದು ಬಾವಿಯ ಹತ್ತಿರ ಹೆಂಗಸರು ನನಗೆ ಕೇಳುವ ಹಾಗೇ ಆಡಿಕೊಂಡರು. ನಾನು ಕೊಡ ಇಳಿಸಿ, ನಿಮ್ಮ ಗಂಡಂದಿರು ಏನೂ ಬರೆದಿಲ್ಲವಲ್ಲ, ನೂರು ವರ್ಷ ಇರುತ್ತಾರೆ ಬಿಡಿ ಎಂದು ಹೇಳಿ ನೀರು ಸೇದಿಕೊಂಡು ಬಂದೆ. ಆ ದಿನದಿಂದ ಬಾವಿಯ ಹತ್ತಿರ ನನ್ನೊಂದಿಗೆ ಮಾತಾಡುವವರು ಯಾರೂ ಉಳಿಯಲಿಲ್ಲ. ನನಗೂ ಬೇಕಿರಲಿಲ್ಲ.

ಹದಿಮೂರನೆಯ ದಿನ ಊಟ ಮುಗಿದ ಮೇಲೆ ನನ್ನ ತಂದೆ ಕನ್ನಡಕ ಹಾಕಿಕೊಂಡು ಉಯಿಲನ್ನು ಎಲ್ಲರ ಮುಂದೆ ಓದಿದರು. ಭಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೊನೆಯವರೆಗೂ ಕೇಳಿದರು. ಸಿಟ್ಟು ಮಾಡಲಿಲ್ಲ, ದನಿ ಎತ್ತಲಿಲ್ಲ.

"ಕಾಗದ ಚೆನ್ನಾಗಿದೆ ಮೇಷ್ಟ್ರೇ" ಎಂದರು. "ಆದ್ರೆ ನಮ್ಮಲ್ಲಿ ಪಾಲೇ ಆಗಿಲ್ವಲ್ಲ."

ಮನೆಯ ನಡುವೆ ಗೋಡೆ ನಿಂತಿದೆ, ಆ ಗೋಡೆಗೇ ಒರಗಿ ಕೂತು ಈ ಮನುಷ್ಯ ಪಾಲಾಗಿಲ್ಲ ಅನ್ನುತ್ತಾನೆ. ಪಾಲು ಮಾಡಿದ ಮೂವರಲ್ಲಿ ಒಬ್ಬರು ಸತ್ತಿದ್ದರು. ಇನ್ನೊಬ್ಬರ ಮಗಳನ್ನು ಭಾವ ತಮ್ಮ ಹಿರಿಯ ಮಗನಿಗೆ ತಂದುಕೊಂಡಿದ್ದರು, ಅವರು ಈಗ ಬೀಗರು. ಮೂರನೆಯವರ ಮನೆಗೆ ತಂದೆಯೇ ಹೋಗಿ ಕೇಳಿದರೆ, ಆವತ್ತು ಊಟಕ್ಕೆ ಕರೆದಿದ್ದರು, ಬಂದು ಉಂಡು ಹೋದೆ, ಇನ್ನೇನೂ ಗೊತ್ತಿಲ್ಲ ಎಂದುಬಿಟ್ಟರು. ಆ ಊಟ ಬಡಿಸಿದವಳು ನಾನು. ಎರಡು ಸಲ ಅನ್ನ ಹಾಕಿಸಿಕೊಂಡಿದ್ದರು.

ಅದಾದ ಮೂರನೆಯ ದಿನ ಭಾವ ನನ್ನ ಗದ್ದೆಗೆ ನೇಗಿಲು ಇಳಿಸಿದರು. ನಾನು ಓಡಿಹೋಗಿ ಎತ್ತುಗಳ ಮುಂದೆ ನಿಂತೆ. ಆ ಕಾಲದಲ್ಲಿ ಭಾವನಾದವನು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವ ಹಾಗಿರಲಿಲ್ಲ, ನಾನೂ ಅವರ ಎದುರು ಬಾಯಿ ಬಿಟ್ಟವಳಲ್ಲ. ಅವರು ಬದುವಿನ ಮೇಲೆ ನಿಂತು, ಎತ್ತು ಹೆದರುತ್ತವೆ, ಆಯಮ್ಮನಿಗೆ ಪಕ್ಕಕ್ಕೆ ಬರಲು ಹೇಳು ಎಂದು ಆಳಿಗೆ ಹೇಳಿದರು. ನನಗಲ್ಲ, ಎತ್ತಿಗೆ ಹೆದರಿಕೆಯಂತೆ. ನಾನು ಜರುಗಲಿಲ್ಲ. ಆಳು ನಾಚಿಕೊಂಡು ಎತ್ತು ಬಿಚ್ಚಿದ. ಆ ವಾರವೇ ತಂದೆ ಕೋಲಾರಕ್ಕೆ ಹೋಗಿ ದಾವಾ ಹಾಕಿಸಿದರು.

ನಮ್ಮ ವಕೀಲರು ಸಣ್ಣ ಆಳು, ಮೂಗಿಗೆ ನಸ್ಯ ಏರಿಸುತ್ತಾ ಮಾತಾಡುವವರು. ಉಯಿಲನ್ನು ಎರಡು ಸಲ ಓದಿ ಮಡಿಸಿಟ್ಟರು. "ಇದರಲ್ಲಿ ಒಂದಕ್ಷರ ತಪ್ಪಿಲ್ಲಮ್ಮಾ. ಆದರೆ ಪಾಲಾಗದ ಆಸ್ತೀನ ಉಯಿಲಲ್ಲಿ ಬರೆಯೋಕಾಗಲ್ಲ. ಸತ್ತವನ ಭಾಗ ಬದುಕಿರೋ ಗಂಡಸರಿಗೆ ಹೋಗುತ್ತೆ. ನೀವು ಬೇರೆ ಇದ್ದಿರಿ ಅಂತ ತೋರಿಸಿದರೆ ಗೆದ್ದಿರಿ, ಇಲ್ಲವಾದರೆ ಇದು ಬರೀ ಕಾಗದ" ಎಂದರು. ಮೈಸೂರು ಸರ್ಕಾರ ಹೆಂಗಸರಿಗೆ ಹಕ್ಕು ಕೊಟ್ಟು ಕಾಯಿದೆ ಮಾಡಿದೆಯಂತಲ್ಲ ಎಂದು ತಂದೆ ಕೇಳಿದರು. ಮಾಡಿದೆ, ಆ ಅಣ್ಣನೂ ಅವನ ಮಕ್ಕಳೂ ಪಾಲಾಗುವ ದಿನ ಇವರಿಗೂ ಪಾಲು ಬರುತ್ತದೆ, ಅವರು ಪಾಲಾಗುವುದೇ ಇಲ್ಲ ಎಂದು ಕೂತರೆ ಏನು ಮಾಡುತ್ತೀರಿ ಎಂದರು ವಕೀಲರು. ಕಾಯಿದೆ ಮಾಡಿದವರ ಮನೆಯಲ್ಲಿ ಭಾವಂದಿರು ಇರಲಿಲ್ಲವೋ ಏನೋ.

ಬೇರೆ ಇದ್ದೆವು ಎಂದು ಹೇಳಲು ನಮಗೆ ಸಿಕ್ಕ ಸಾಕ್ಷಿ ಒಬ್ಬರೇ, ಮುಳಬಾಗಿಲಿನ ಹುಣಸೆಹಣ್ಣಿನ ವ್ಯಾಪಾರಿ ಸಾಹೇಬರು. ಪ್ರತಿ ವರ್ಷ ಭಾವನ ಮರಗಳನ್ನು ಭಾವನ ಹತ್ತಿರ, ನಮ್ಮ ಮರಗಳನ್ನು ನನ್ನ ಗಂಡನ ಹತ್ತಿರ ಬೇರೆ ಬೇರೆಯಾಗಿ ಗುತ್ತಿಗೆ ಹಿಡಿಯುತ್ತಿದ್ದವರು. ಊರಿನವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಾಗ, ಸಂಬಂಧವಿಲ್ಲದ ಆ ಮನುಷ್ಯ, ಕಂಡದ್ದನ್ನು ಹೇಳುವುದಕ್ಕೆ ಏನಂತೆ, ಬರುತ್ತೇನೆ ಎಂದು ಒಪ್ಪಿಕೊಂಡರು.

ಅಷ್ಟರಲ್ಲಿ ಭಾದ್ರಪದ ಬಂತು. ಎರಡು ತಿಂಗಳಿಂದ ಗೋಡೆಯ ಆಚೆಯವರ ಮುಖ ನಾನು ನೋಡಿರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಓರಗಿತ್ತಿ ನನ್ನ ಬಾಗಿಲಿಗೆ ಬಂದು ನಿಂತರು.

"ಮಾ ಮರಿದಿಕಿ ಅನ್ನಂ ಪೆಟ್ಟಾಲಿ ಕದಮ್ಮಾ" ಎಂದರು. ನನ್ನ ಮೈದುನನಿಗೆ ಅನ್ನ ಇಡಬೇಕಲ್ಲಮ್ಮಾ ಎಂದು. ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿ ಬಂತು.

ಸತ್ತ ವರ್ಷ ಬರುವ ಅಮಾವಾಸ್ಯೆಗೆ ಆ ಮನುಷ್ಯನನ್ನು ಹಿರಿಯರ ಸಾಲಿಗೆ ಸೇರಿಸಬೇಕು. ಹೆಂಡತಿ ಬದುಕಿದ್ದರೆ ಅವಳೇ ತನ್ನ ಕೈಯಿಂದ ಮೂರು ಹಿಡಿ ಅಕ್ಕಿ ಹಾಕಬೇಕು. ಇದು ಆ ಮನೆಯ ಕ್ರಮ, ಅತ್ತೆ ಹಾಕಿದ್ದನ್ನು ನಾನೇ ನೋಡಿದ್ದೆ. ಹೋಗಲೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ. ವಕೀಲರನ್ನು ಕೇಳಬೇಕೆಂದು ಕನಸಿನಲ್ಲೂ ಹೊಳೆಯಲಿಲ್ಲ. ಗಂಡನಿಗೆ ಅನ್ನ ಇಡುವುದಕ್ಕೆ ವಕೀಲರ ಅಪ್ಪಣೆ ಕೇಳುತ್ತಾರೆಯೇ? ದಾವಾ ಬೇರೆ, ಎಡೆ ಬೇರೆ ಎಂದುಕೊಂಡೆ. ಮೊರದಲ್ಲಿ ಅಕ್ಕಿ ತೆಗೆದುಕೊಂಡು ಹೋದೆ.

ಪ್ರತಿ ವರ್ಷ ಆ ಊಟಕ್ಕೆ ಮನೆಯವರು ಬಿಟ್ಟರೆ ಹೊರಗಿನವರು ಒಬ್ಬಿಬ್ಬರು ಇರುತ್ತಿದ್ದರು. ಆ ವರ್ಷ ಭಾವ ಹತ್ತು ಜನರನ್ನು ಕರೆದಿದ್ದರು. ಅವರಲ್ಲಿ ಇಬ್ಬರು ಅಡಿಗೆಮನೆಯ ಬಾಗಿಲಲ್ಲೇ ಒಲೆಯ ಹೊಗೆ ಕುಡಿಯುತ್ತಾ ನಿಂತಿದ್ದರು. ತಮ್ಮನ ಮೇಲಿನ ಪ್ರೀತಿಗೆ ಇಷ್ಟು ಜನರನ್ನು ಸೇರಿಸಿದ್ದಾರೆ, ಕಲ್ಲು ಕರಗಿತು ಎಂದುಕೊಂಡೆ. ಎಂಥ ಪೆದ್ದಿ ನಾನು. ಮೂರು ಹಿಡಿ ಅಕ್ಕಿ ಹಾಕುವಾಗ ಓರಗಿತ್ತಿ ನನ್ನ ಮೊಣಕೈ ಹಿಡಿದುಕೊಂಡರು. ಕುಂಬಳಕಾಯಿ ಹುಳಿ, ಅಲಸಂದೆ ಕಾಳು, ಕಜ್ಜಾಯ, ಕೋಳಿ ಸಾರು, ನನ್ನ ಗಂಡನಿಗೆ ಇಷ್ಟವಾದದ್ದನ್ನೆಲ್ಲ ಇಬ್ಬರೂ ಸೇರಿ ಮಾಡಿದೆವು. ಇಬ್ಬರೂ ಅತ್ತೆವು. ಅವರ ಎಡೆಯನ್ನು ಮಾವನ ಎಡೆಯ ಪಕ್ಕಕ್ಕೆ ಇಟ್ಟು ನಮಸ್ಕಾರ ಮಾಡಿದೆ.

ಸಾಕ್ಷಿ ಹೇಳುವ ದಿನ ಬರುವ ಹೊತ್ತಿಗೆ ಮತ್ತೊಂದು ವರ್ಷವೇ ಕಳೆದಿತ್ತು. ಶ್ರೀನಿವಾಸಪುರದಿಂದ ಸಣ್ಣ ರೈಲು ಹತ್ತಿ ತಂದೆಯೂ ನಾನೂ ಕೋಲಾರಕ್ಕೆ ಹೋದೆವು. ವಕೀಲರು ಬೆಳಿಗ್ಗೆ ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಟ್ಟರು. ಹಿರಿಯರ ಹಬ್ಬದ ವಿಷಯ ಅವರು ಕೇಳಿಯೇ ಕೇಳುತ್ತಾರೆ, ನಮ್ಮ ಎಡೆ ಬೇರೆ, ಅವರ ಎಡೆ ಬೇರೆ ಎನ್ನಿ, ಅಷ್ಟು ಸಾಕು ಎಂದರು. ಆಗಲಿ ಎಂದೆ. ಸುಳ್ಳು ಹೇಳಲು ನನಗೆ ಹೆದರಿಕೆಯಿರಲಿಲ್ಲ. ಆ ಕಡೆಯವರು ಗೋಡೆಯೇ ಇಲ್ಲ ಎಂದು ಹೇಳಲು ತಯಾರಾಗಿದ್ದಾಗ ನಾನೊಬ್ಬಳು ಹರಿಶ್ಚಂದ್ರನ ವಂಶದವಳಾಗಬೇಕಾಗಿರಲಿಲ್ಲ. ನನ್ನ ಇಬ್ಬರು ಹುಡುಗಿಯರಿಗಾಗಿ ಒಂದಲ್ಲ, ನೂರು ಹೇಳುತ್ತಿದ್ದೆ.

ಮೊದಲು ಮುಳಬಾಗಿಲಿನ ಸಾಹೇಬರು ಹೇಳಿದರು. ಚೆನ್ನಾಗಿಯೇ ಹೇಳಿದರು. ಗುತ್ತಿಗೆಗೆ ಚೀಟಿ ಏನಾದರೂ ಉಂಟೋ ಎಂದು ಆ ಕಡೆಯ ವಕೀಲ ಕೇಳಿದ.

"ಬಾಯಿಮಾತೇ ಸಾಮಿ. ನಮ್ ನಮ್ಮಲ್ಲಿ ಚೀಟಿ ಏನಕ್ಕೆ?" ಎಂದರು ಅವರು.

ಇಡೀ ಜಿಲ್ಲೆಗೇ ಆ ರೋಗ ಬಡಿದಿತ್ತು.

ಆಮೇಲೆ ನನ್ನನ್ನು ಕರೆದರು. ಆ ಕಡೆಯ ವಕೀಲ ತುಂಬಾ ಮರ್ಯಾದೆಯವನು, ಮಾತಿಗೊಂದು ಸಲ ಅಮ್ಮಾ ಅನ್ನುತ್ತಿದ್ದ. ಅಡಿಗೆ ಬೇರೆಯೋ ಎಂದ, ಬೇರೆ ಎಂದೆ. ಒಲೆ ಬೇರೆಯೋ ಎಂದ, ಬೇರೆ ಎಂದೆ. ನಿಮ್ಮ ಯಜಮಾನರು ತೀರಿಕೊಂಡ ವರ್ಷ ಅವರಿಗೆ ಎಡೆ ಇಟ್ಟಿರೋ ಎಂದು ಕೇಳಿದ. ಇಟ್ಟೆವು ಎಂದೆ. ಅವರ ಹೆಸರಿಗೆ ಅಕ್ಕಿ ಹಾಕಿದವರು ಯಾರು ಎಂದ. ನಾನೇ ಎಂದೆ.

"ಯಾವ ಒಲೆ ಮೇಲಿದ್ದ ಪಾತ್ರೆಗೆ ಹಾಕಿದಿರಿ ಅಮ್ಮಾ?"

ಆಗ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ಹೊಗೆ ಕುಡಿಯುತ್ತಾ ನಿಂತಿದ್ದ ಆ ಇಬ್ಬರೂ ಭಾವನ ಪಕ್ಕದಲ್ಲಿ ಶುಭ್ರವಾದ ಪಂಚೆ ಉಟ್ಟುಕೊಂಡು ಕೂತಿದ್ದರು. ಹತ್ತು ಜನರನ್ನು ಯಾಕೆ ಕರೆದಿದ್ದರು, ಎರಡು ತಿಂಗಳಿಂದ ಮುಖ ನೋಡದವರು ಯಾಕೆ ಬಾಗಿಲಿಗೆ ಬಂದರು, ಎಲ್ಲ ಒಂದೇ ಏಟಿಗೆ ತಿಳಿಯಿತು. ತಮ್ಮನ ಎಡೆಯನ್ನೇ ಬಲೆ ಮಾಡಿ ಹರಡಿದ್ದರು. ನಾನು ಅಕ್ಕಿ ಹಿಡಿದುಕೊಂಡು ನಡೆದುಹೋಗಿ ಬಿದ್ದಿದ್ದೆ.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನನ್ನ ಮನೆಯ ಒಲೆ ಎನ್ನಬೇಕಾಗಿತ್ತು. ಹಾಗೆಂದರೆ ಹಳೆಯ ಒಲೆಯ ತಪ್ಪಲೆಗೆ ನಾನು ಅಕ್ಕಿ ಹಾಕಲೇ ಇಲ್ಲ ಎಂದಾಗುತ್ತಿತ್ತು, ಅವರಿಗೆ ಆ ದಿನ ಅನ್ನವೇ ಇಡಲಿಲ್ಲ, ಅವರು ಹಸಿದುಕೊಂಡು ಹಿಂದಿರುಗಿದರು ಎಂದು ನಾನೇ ಕೋರ್ಟಿನಲ್ಲಿ ಬರೆಸಿದ ಹಾಗಾಗುತ್ತಿತ್ತು. ನಾಲಿಗೆ ಹೊರಳಲಿಲ್ಲ.

"ಆ ಮನೆ ಒಲೆ" ಎಂದೆ. "ತಪ್ಪಲೆ ಒಂದೇ. ನನ್ನ ಕೈಯಾರೆ ಹಾಕಿದೆ."

ನಮ್ಮ ವಕೀಲರು ನಸ್ಯದ ಡಬ್ಬಿ ತೆರೆದವರು ಹಾಗೇ ಮುಚ್ಚಿದರು. ತಂದೆ ತಲೆ ತಗ್ಗಿಸಿದರು. ಸತ್ಯವಂತೆ ಎಂದು ಯಾರೂ ನನ್ನನ್ನು ಹೊಗಳಬೇಡಿ. ಬೇರೆ ಯಾವುದನ್ನು ಕೇಳಿದ್ದರೂ ಸುಳ್ಳು ಹೇಳುತ್ತಿದ್ದೆ. ಅದು ಗೊತ್ತಿದ್ದೇ ಅವರು ಅದೊಂದನ್ನೇ ಕೇಳಿದರು.

ಕೆಲವು ತಿಂಗಳಿಗೆ ತೀರ್ಪು ಬಂತು. ಉಯಿಲು ನಿಜವಾದದ್ದು, ಬರೆದವರಿಗೆ ಬುದ್ಧಿ ಸ್ವಾಧೀನದಲ್ಲಿತ್ತು, ಆದರೆ ಕುಟುಂಬ ಒಟ್ಟಾಗಿಯೇ ಇದ್ದದ್ದರಿಂದ ಹೀಗೆ ಬರೆಯುವ ಅಧಿಕಾರ ಅವರಿಗಿರಲಿಲ್ಲ. ಖಾತೆ ಒಂದೇ, ಕಾಗದವಿಲ್ಲ, ಹಿರಿಯರ ಎಡೆ ಒಂದೇ ಒಲೆಯದು. ಬೇಕಾದರೆ ಬೆಂಗಳೂರಿಗೆ ಅಪೀಲು ಹೋಗಬಹುದು, ಹೋಗಲು ಇನ್ನೂ ದಿನವಿದೆ, ಆದರೆ ಹೊಸ ಸಾಕ್ಷಿ ಇಲ್ಲದೆ ಹೋಗಿ ಪ್ರಯೋಜನವಿಲ್ಲ ಎಂದರು ವಕೀಲರು. ಆಮೇಲೆ ಸಮಾಧಾನಕ್ಕೆ ಎಂಬಂತೆ, ಒಟ್ಟು ಕುಟುಂಬ ಎಂದಮೇಲೆ ನಿಮ್ಮ ಅನ್ನ ಬಟ್ಟೆ, ಹೆಣ್ಣುಮಕ್ಕಳ ಮದುವೆ ಎಲ್ಲ ಆ ಮನುಷ್ಯನ ತಲೆಯ ಮೇಲೆ ಬಂತು, ಅದನ್ನು ಅವನು ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದರು. ತಂದೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಮಾಲೂರಿಗೆ ಬಂದುಬಿಡು, ವಾರದಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟರು. ನಾನು ಕಿವಿಗೆ ಹಾಕಿಕೊಂಡಿದ್ದೆ. ಸಣ್ಣ ರೈಲು ಶ್ರೀನಿವಾಸಪುರ ಮುಟ್ಟುವವರೆಗೂ ಅದೇ ಮಾತನ್ನು ತಿರುವಿ ಹಾಕುತ್ತಾ ಕೂತಿದ್ದೆ.

ಮಾರನೆಯ ಬೆಳಿಗ್ಗೆ ಎದ್ದು ನನ್ನ ಒಲೆಗೆ ಒಂದು ಚೊಂಬು ನೀರು ಸುರಿದೆ. ಪಾತ್ರೆಗಳನ್ನು ಕುಕ್ಕೆಗೆ ತುಂಬಿ ತಲೆಯ ಮೇಲೆ ಹೊತ್ತು, ಎರಡು ಕೈಗೆ ಇಬ್ಬರು ಹುಡುಗಿಯರನ್ನು ಹಿಡಿದುಕೊಂಡು ಗೋಡೆಯ ಆಚೆಯ ಬಾಗಿಲಿಗೆ ಹೋದೆ. ಭಾವ ಜಗಲಿಯ ಮೇಲೆ ಕೂತಿದ್ದರು. ಗೆದ್ದ ಸಂತೋಷಕ್ಕೆ ನಾಲ್ಕಾರು ಜನ ಬಂದು ಸೇರಿದ್ದರು. ಊಟಕ್ಕೆ ಕರೆದಿದ್ದರು, ಬಂದಿದ್ದೆ ಎಂದಿದ್ದ ಆ ಹಿರಿಯರೂ ಇದ್ದರು. ನಾನು ಹೊಸಿಲು ದಾಟಲು ಕಾಲೆತ್ತಿದೆ. ಭಾವ ಎದ್ದು ನಿಂತರು.

"ಏಮಿ ಇದಿ? ಎಲ್ಲಿಗೆ ಹೋಗ್ತಾಳೆ ಇವಳು, ಕೇಳ್ರೋ" ಎಂದರು, ಪಕ್ಕದವರ ಕಡೆ ತಿರುಗಿ.

"ಪಕ್ಕದೋರನ್ನ ಯಾಕೆ ಕೇಳ್ತೀರಿ ಭಾವ, ನಾನೇ ಹೇಳ್ತೀನಿ" ಎಂದೆ. ಜೀವಮಾನದಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು ಅದು. "ಅಡಿಗೆಮನೆಗೆ ಹೋಗ್ತಾ ಇದೀನಿ. ಇವತ್ತಿನಿಂದ ನಮ್ಮ ಊಟ ಇಲ್ಲೇ."

ಅವರ ಮುಖ ಕೆಂಪಾಯಿತು. ನೇರವಾಗಿ ಮಾತಾಡಬಾರದು ಎಂಬುದನ್ನು ಅವರೂ ಮರೆತರು.

"ಹತ್ತು ವರ್ಷ ಬೇರೆ ಬೇಯಿಸ್ಕೊಂಡು ತಿಂದೋಳು ನೀನು. ಈಗ ಬಂದು ನನ್ನ ಒಲೆಗೆ..."

"ಹಾಗಂತ ಕೋರ್ಟಿನಲ್ಲಿ ಹೇಳಬೇಕಾಗಿತ್ತು ಭಾವ" ಎಂದೆ. "ಅಪೀಲಿಗೆ ಇನ್ನೂ ದಿನ ಇದೆ. ಈಗ ಅಂದಿರಲ್ಲ, ಆ ಮಾತನ್ನ ಇನ್ನೊಂದು ಸಲ ಗಟ್ಟಿಯಾಗಿ ಅನ್ನಿ, ಇಷ್ಟೂ ಜನಾನೂ ಕೇಳಿಸ್ಕೊಳ್ಳಲಿ."

ಆ ಹಿರಿಯರು ಎದ್ದು ಚಪ್ಪಲಿ ಹುಡುಕತೊಡಗಿದರು. ಭಾವ ಕೂತುಬಿಟ್ಟರು. ನಾನು ಹುಡುಗಿಯರನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋದೆ. ಓರಗಿತ್ತಿ ಒಲೆಯ ಮುಂದೆ ಕೂತಿದ್ದರು. ಏನೂ ಕೇಳದೆ ಜರುಗಿ ಜಾಗ ಬಿಟ್ಟರು.

ವಿಷ ಹಾಕುತ್ತೇನೆ ಎಂದು ಹೆದರಿ ಭಾವ ಮೂರು ದಿನ ಮನೆಯಲ್ಲಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಮಾಡಿದರು. ತಂದೆ ಕರೆಯಲು ಬಂದಾಗ, ನಾನು ಸೋತು ಬರುವುದಿಲ್ಲ, ಹೋಗಿ ಎಂದು ಕಳಿಸಿಬಿಟ್ಟೆ. ಆ ಮನೆಯಲ್ಲಿ ಹಾಗೆ ಏಳು ವರ್ಷ ಇದ್ದೆ. ಸುಖವಾಗಿದ್ದೆ ಎಂದು ಹೇಳುವುದಿಲ್ಲ. ನಾನು ಬಡಿಸಿದ್ದನ್ನು ಅವರು ನನ್ನ ಮುಖ ನೋಡದೆ ಉಣ್ಣುತ್ತಿದ್ದರು, ಅವರ ರಾಗಿಯನ್ನು ನಾನು ಹಲ್ಲು ಕಡಿದುಕೊಂಡು ಬೀಸುತ್ತಿದ್ದೆ. ನನ್ನ ಹುಡುಗಿಯರು ಆ ಮನೆಯಲ್ಲಿ ಜೋರಾಗಿ ನಕ್ಕದ್ದನ್ನು ನಾನು ಕೇಳಲಿಲ್ಲ. ಆದರೆ ಹೊಟ್ಟೆ ತುಂಬ ಉಂಡರು, ಸ್ಕೂಲಿಗೆ ಹೋದರು, ಇಬ್ಬರ ಮದುವೆಯೂ ಅದೇ ಬಾಗಿಲ ಚಪ್ಪರದಲ್ಲಿ ಆಯಿತು. ಇಬ್ಬರಿಗೂ ಧಾರೆ ಎರೆದವರು ಭಾವ. ಎರೆಯಲೇಬೇಕಾಯಿತು, ಒಟ್ಟು ಕುಟುಂಬದ ಯಜಮಾನ ಎಂದು ಅವರೇ ಬರೆಸಿಕೊಂಡಿದ್ದರಲ್ಲ. ಚಿಕ್ಕವಳ ಮದುವೆ ಯುದ್ಧದ ಕಾಲದಲ್ಲಿ ಬಂತು, ಬಟ್ಟೆಗೂ ಸಕ್ಕರೆಗೂ ಪರದಾಟ. ಎಲ್ಲಿಂದ ತರುತ್ತೀರೋ ನನಗೆ ಗೊತ್ತಿಲ್ಲ, ಹುಡುಗಿಗೆ ರೇಷ್ಮೆ ಸೀರೆ ಆಗಬೇಕು ಎಂದು ಬಾಗಿಲಲ್ಲಿ ನಿಂತು ಹೇಳಿದೆ. ತಂದರು.

ಚಿಕ್ಕವಳನ್ನು ಗಂಡನ ಮನೆಗೆ ಕಳಿಸಿದ ಮಧ್ಯಾಹ್ನ ನಾನೂ ಓರಗಿತ್ತಿಯೂ ಹಿತ್ತಲಲ್ಲಿ ಕೂತು ಮದುವೆಯ ಪಾತ್ರೆ ತೊಳೆಯುತ್ತಿದ್ದೆವು. ಅಷ್ಟು ವರ್ಷದಲ್ಲಿ ಉಪ್ಪು ಕೊಡು, ಸೌದೆ ತಾ ಎಂಬುದನ್ನು ಬಿಟ್ಟು ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಅವರು ತಲೆ ಎತ್ತದೆ, ಪಾತ್ರೆ ಉಜ್ಜುತ್ತಲೇ ಹೇಳಿದರು.

"ಆ ಅಮಾವಾಸ್ಯೆಗೆ ನಿನ್ನ ಕರಿಯೋಕೆ ನನ್ನ ಕಳಿಸಿದ್ದು ಅವರೇ ಕಣೇ. ಯಾತಕ್ಕೆ ಅಂತಾನೂ ನನಗೆ ಗೊತ್ತಿತ್ತು." ಉಜ್ಜಿದ ತಪ್ಪಲೆಯನ್ನು ಬೋರಲು ಹಾಕಿದರು. "ಅತ್ತಿದ್ದು ಮಾತ್ರ ನಾನೇ."

ನಾನು ಅವರ ಮಾತನ್ನು ನಂಬಿದೆ. ಆ ದಿನ ಮೂರನೆಯ ಹಿಡಿ ಅಕ್ಕಿ ಬೀಳುವವರೆಗೂ ಅವರು ನನ್ನ ಮೊಣಕೈ ಬಿಟ್ಟಿರಲಿಲ್ಲ. ನಂಬಿದೆ, ಆದರೆ ಕ್ಷಮಿಸಲಿಲ್ಲ. ಹಿತ್ತಲಿನಿಂದ ನೋಡಿದರೆ ಕೆರೆಯ ಕೆಳಗಿನ ಗದ್ದೆ ಕಾಣುತ್ತಿತ್ತು, ಮೂಡಲ ಕಡೆಯದರಲ್ಲಿ ಭಾವನ ಮಕ್ಕಳು ನಾಟಿ ಹಾಕಿಸುತ್ತಿದ್ದರು. ಇನ್ನೂ ಎರಡು ತಪ್ಪಲೆ ಬಾಕಿ ಇದ್ದವು. ಬೂದಿ ಈ ಕಡೆಗೆ ತಳ್ಳಿ ಅಕ್ಕಾ ಎಂದೆ.